ಬರೆದು ಹೊಟ್ಟೆ ತುಂಬದಿದ್ದರೂ ಮನಸ್ಸು ತುಂಬಿರುವುದು ಹೇಗೆ?

ಎರಡು ಪ್ರಶ್ನೆಗಳು ನನಗೆ ಯಾವಾಗಲೂ ಜೋಡಿಯಾಗೇ ಬರುತ್ತವೆ. ಮೊದಲನೆಯದು, "ಬರೆದು ಹೊಟ್ಟೆ ತುಂಬುತ್ತಾ?" ಇದಕ್ಕೆ ಉತ್ತರ ಸುಲಭ. ಇಲ್ಲ, ಪೂರ್ತಿ ತುಂಬುವುದಿಲ್ಲ. ಹದಿನೈದು ವರ್ಷದಿಂದ ಬರೆಯುತ್ತಿದ್ದೇನೆ. ಅನುವಾದ, ಕರಡು ತಿದ್ದುವುದು, ಇನ್ನೊಬ್ಬರ ಹಸ್ತಪ್ರತಿ ಓರಣ ಮಾಡಿಕೊಡುವುದು ಎಲ್ಲ ಸೇರಿದರೆ ತಿಂಗಳು ಹೇಗೋ ದಡ ಮುಟ್ಟುತ್ತದೆ. ಕೆಲವು ತಿಂಗಳು ಮುಟ್ಟುವುದೂ ಇಲ್ಲ.

ಎರಡನೆಯ ಪ್ರಶ್ನೆ ಸ್ವಲ್ಪ ತಡೆದು, ದನಿ ತಗ್ಗಿಸಿ ಬರುತ್ತದೆ. "ಹಾಗಿದ್ದೂ ಏನೂ ಕೊರತೆಯೇ ಇಲ್ಲವೇನೋ ಅನ್ನುವ ಹಾಗೆ ಹೇಗೆ ಇರ್ತೀರಿ?" ಕೇಳುವವರು ಹೆಚ್ಚಾಗಿ ಬರೆಯಲು ಈಗಷ್ಟೇ ತೊಡಗಿದವರು. ನಿಂತ ಕಾಲಲ್ಲಿ ನಾನು ಕೊಟ್ಟ ಉತ್ತರಗಳು ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಹೇಳಿಬಿಡಬೇಕು. ಕೊರತೆ ಮನಸ್ಸಿನ ಕಲ್ಪನೆ, ನೋಟ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂಬ ಉಪದೇಶವನ್ನು ನಾನು ನಂಬುವುದಿಲ್ಲ. ಬಾಡಿಗೆಯ ದಿನ ಹತ್ತಿರ ಬಂದಾಗ ತಲೆ ಎಷ್ಟು ಚಿಕ್ಕದಾಗುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಹೇಳಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಗಳನ್ನು ಕೊಟ್ಟರು. ಅದೇ ಜನ, ಅದೇ ಬುದ್ಧಿ. ಆದರೂ ಕಟಾವಿಗೆ ಮುಂಚೆ ಅವರ ಸರಾಸರಿ ಅಂಕ ಕಡಿಮೆಯಿತ್ತು. ಇದನ್ನು ಓದಿದ ದಿನ ನನಗೆ ಅಳುವೇ ಬಂದಿತ್ತು. ದುಡ್ಡಿಲ್ಲದ ತಿಂಗಳುಗಳಲ್ಲಿ ಒಂದು ಪ್ಯಾರಾ ಕೂಡ ನೆಟ್ಟಗೆ ಬರೆಯಲಾಗದೆ, ನನ್ನಲ್ಲಿ ಶಕ್ತಿಯೇ ಇಲ್ಲವೇನೋ ಎಂದು ವರ್ಷಗಟ್ಟಲೆ ಕೊರಗಿದ್ದೆ. ಶಕ್ತಿ ಇತ್ತು. ಲೆಕ್ಕ ಹಾಕುತ್ತಾ ಹಾಕುತ್ತಾ ಅದು ಸೋರಿಹೋಗುತ್ತಿತ್ತು, ಅಷ್ಟೇ.

ಈ ಕಷ್ಟ ಒಬ್ಬಿಬ್ಬರದೂ ಅಲ್ಲ. ಬ್ರಿಟನ್ನಿನ ಲೇಖಕರ ಸಂಭಾವನೆಯನ್ನು ಸಂಗ್ರಹಿಸಿ ಹಂಚುವ ಸಂಸ್ಥೆಗಾಗಿ ಆಗಾಗ ಸಮೀಕ್ಷೆ ನಡೆಯುತ್ತದೆ. ಬರವಣಿಗೆಯೇ ಮುಖ್ಯ ಕಸುಬಾದವರನ್ನು ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರಿಗೆ ಬರವಣಿಗೆಯಿಂದ 2006ರಲ್ಲಿ ವರ್ಷಕ್ಕೆ 12,330 ಪೌಂಡ್ ಸಿಗುತ್ತಿತ್ತು. 2022ರ ಹೊತ್ತಿಗೆ ಅದು 7,000ಕ್ಕೆ ಇಳಿದಿತ್ತು. ಜಗತ್ತಿನಲ್ಲೇ ಅತಿ ದೊಡ್ಡ ಓದುಗ ಬಳಗವಿರುವ ಭಾಷೆಯಲ್ಲಿ ಬರೆಯುವವರ ಪಾಡು ಇದು. ಹಾಗಾಗಿ, ಬರೆಯುವವರ ಜೇಬು ಬರಿದಾಗಿದ್ದರೆ ಅದನ್ನು ಅವರ ಬರಹದ ಬೆಲೆ ಎಂದು ಯಾರೂ ಓದಬಾರದು. ಬರೆಯುವವರಂತೂ ಓದಲೇಬಾರದು.

ದುಡ್ಡಿನ ವಿಷಯದಲ್ಲಿ ನಾನು ಮಾಡಿಕೊಂಡ ಏರ್ಪಾಡು ಸಣ್ಣದು. ತಿಂಗಳಿಗೆ ಕನಿಷ್ಠ ಎಷ್ಟು ಬೇಕು ಎಂಬ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟೆ. ಬರೆಯುವವರೆಗೂ ಅದು ದೆವ್ವದ ಹಾಗೆ ಮನೆಯೆಲ್ಲ ಓಡಾಡುತ್ತಿತ್ತು, ಬರೆದ ಮೇಲೆ ಬರೀ ಸಂಖ್ಯೆಯಾಯಿತು. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಎಷ್ಟು ಕೊಡುತ್ತೀರಿ, ಯಾವತ್ತು ಕೊಡುತ್ತೀರಿ ಎಂದು ಕೇಳುವುದನ್ನು ಕಲಿತೆ. ಒಮ್ಮೆ ಒಬ್ಬ ಪ್ರಕಾಶಕರು ಎಂಟು ತಿಂಗಳು ಸತಾಯಿಸಿದ ಮೇಲೆ ಬಂದ ಬುದ್ಧಿ ಅದು. ಸಂಕೋಚ ಈಗಲೂ ಆಗುತ್ತದೆ, ಆದರೂ ಕೇಳುತ್ತೇನೆ.

ಬೇರೆ ಕೆಲಸ ಮಾಡಿ ಬರೆಯುವುದು ಸೋಲು ಎಂಬ ಭಾವನೆಯನ್ನೂ ಬಿಟ್ಟೆ. ಕವಿ ಟಿ.ಎಸ್. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವರು. 1922ರಲ್ಲಿ ಅವರ ಗೆಳೆಯ ಎಜ್ರಾ ಪೌಂಡ್ ಒಂದು ಯೋಜನೆ ಹೂಡಿದರು: ಮೂವತ್ತು ಜನ ವರ್ಷಕ್ಕೆ ತಲಾ 10 ಪೌಂಡ್ ಕೊಟ್ಟರೆ ಎಲಿಯಟ್ ಬ್ಯಾಂಕ್ ಬಿಟ್ಟು ಬರೀ ಬರೆಯಬಹುದು. ಎಲಿಯಟ್‌ಗೆ ಅದು ಮುಜುಗರವೇ ಆಯಿತು, ಯೋಜನೆಯೂ ದಡ ಸೇರಲಿಲ್ಲ. ಇಪ್ಪತ್ತನೆಯ ಶತಮಾನದ ಕಾವ್ಯದ ದಿಕ್ಕನ್ನೇ ತಿರುಗಿಸಿದ ಅವರ ನೀಳ್ಗವಿತೆ ಬಂದದ್ದು ಅದೇ ವರ್ಷ, ಅದೇ ಬ್ಯಾಂಕಿನ ಕೆಲಸದ ಮಧ್ಯೆ. ಅದನ್ನು ಬರೆಯಲು ಅವರಿಗೆ ಕಾಯಿಲೆಯ ರಜೆ ಬೇಕಾಯಿತು ಎಂಬುದನ್ನೂ ಮರೆಯಬಾರದು. ಬಿಡುವು ಬೇಕೇ ಬೇಕು.

ಇಷ್ಟೆಲ್ಲ ಮಾಡಿದರೂ ನೆಮ್ಮದಿ ಬಂದಿರಲಿಲ್ಲ. ಅದು ಬಂದದ್ದು ಒಂದು ನೋಟ್‌ಬುಕ್ಕಿನಿಂದ.

ನೀಲಿ ರಟ್ಟಿನ ನೋಟ್‌ಬುಕ್ ಅದು, ಮೂಲೆಗಳು ಸವೆದು ಹತ್ತಿಯಂತಾಗಿದ್ದವು. ಹೊಳೆದ ಒಳ್ಳೊಳ್ಳೆಯ ಸಾಲುಗಳನ್ನು ಅದರಲ್ಲಿ ಕೂಡಿಡುತ್ತಿದ್ದೆ. ಬರೆಯುವವರು ಟಿಪ್ಪಣಿ ಮಾಡಿಕೊಳ್ಳುವುದು ಸಹಜ, ಆದರೆ ನಾನು ಮಾಡುತ್ತಿದ್ದುದು ಬೇರೆ. ಸಣ್ಣ ಪತ್ರಿಕೆಗೆ, ಸಂಭಾವನೆ ಕಡಿಮೆಯಿದ್ದ ಕಡೆಗೆ ಬರೆಯುವಾಗ ಒಳ್ಳೆಯ ಸಾಲು ಬಂದರೆ ಅದನ್ನು ಅಲ್ಲಿಂದ ಕಿತ್ತು ಇಲ್ಲಿ ಇಡುತ್ತಿದ್ದೆ. ಇಷ್ಟು ದುಡ್ಡಿಗೆ ಇಂಥ ಸಾಲು ಯಾಕೆ, ಮುಂದೆ ದೊಡ್ಡ ಪುಸ್ತಕ ಬರೆಯುವಾಗ ಬೇಕಾಗುತ್ತದೆ ಎಂಬ ಲೆಕ್ಕ. ಕೈ ಬಿಗಿಹಿಡಿದು ಸಂಸಾರ ನಡೆಸುವವರ ಬುದ್ಧಿ ನನಗೆ ಗೊತ್ತಿಲ್ಲದೆಯೇ ಬರವಣಿಗೆಯ ಮೇಜಿಗೂ ಬಂದು ಕೂತಿತ್ತು.

ಮೂರು ವರ್ಷದ ಮೇಲೆ ದೊಡ್ಡದೊಂದನ್ನು ಬರೆಯಲು ಕೂತಾಗ ಆ ನೋಟ್‌ಬುಕ್ ತೆರೆದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಬಾಗಿಲ ಚಿಲಕ ತೆಗೆಯುವ ಸದ್ದಿನಿಂದಲೇ ಬಂದವರು ಯಾರು, ಅವರ ಮನಸ್ಸು ಇವತ್ತು ಹೇಗಿದೆ ಎಂದು ಹೇಳುತ್ತಿದ್ದ ಕುರುಡ ಮುದುಕ. ಅಂಥ ಒಬ್ಬರನ್ನು ನಾನು ಕಂಡಿದ್ದೆ, ಅವರೆದುರು ಕೂತು ಮಾತಾಡಿದ್ದೆ. ಆದರೆ ಮೂರು ವರ್ಷದ ಮೇಲೆ ಆ ಸಾಲನ್ನು ಓದಿದಾಗ ಮುದುಕರ ಮುಖ ನೆನಪಿಗೆ ಬರಲಿಲ್ಲ. ಚಿಲಕ ಕಬ್ಬಿಣದ್ದೋ ಹಿತ್ತಾಳೆಯದ್ದೋ ಅದೂ ಮರೆತಿತ್ತು. ಅವತ್ತೇ ಬರೆದಿದ್ದರೆ ಆ ಸಾಲು ತನ್ನ ಹಿಂದೆ ಇಡೀ ಮನೆಯನ್ನೇ ಎಳೆದು ತರುತ್ತಿತ್ತು. ಒಳಗಿನ ಕತ್ತಲೆ, ಮುದುಕರ ಕೆಮ್ಮು, ಸೊಸೆಯ ಹೆಜ್ಜೆ ಎಲ್ಲವೂ ಬರುತ್ತಿದ್ದವು. ಈಗ ಕಾಗದದ ಮೇಲೆ ಆ ಸಾಲೊಂದೇ ಒಣಗಿ ಬಿದ್ದಿತ್ತು. ಪುಟ ತಿರುವುತ್ತಾ ಹೋದೆ. ಬಹುಪಾಲು ಸಾಲುಗಳ ಗತಿ ಅದೇ.

ನನಗೆ ಬಡತನ ಅಂದರೆ ಏನೆಂದು ನಿಜವಾಗಿ ಅರ್ಥವಾದದ್ದು ಅವತ್ತು. ದುಡ್ಡಿನ ಅಭಾವ ನನ್ನ ಕೈಮೀರಿದ್ದು, ಅದು ಬರುತ್ತದೆ, ಹೋಗುತ್ತದೆ. ಈ ನೋಟ್‌ಬುಕ್ಕಿನ ಬಡತನ ಮಾತ್ರ ನಾನೇ ಕಟ್ಟಿಕೊಂಡದ್ದು. ಯಾವ ವಸ್ತು ಖರ್ಚು ಮಾಡಿದಷ್ಟೂ ಬೆಳೆಯುತ್ತದೋ ಅದನ್ನೇ ಬೀಗ ಹಾಕಿ ಇಟ್ಟಿದ್ದೆ.

ಅಲ್ಲಿಂದಾಚೆಗೆ ಕೂಡಿಡುವುದನ್ನು ನಿಲ್ಲಿಸಿದೆ. ಇವತ್ತು ಬರೆಯುವ ಬರಹ ಎಷ್ಟೇ ಸಣ್ಣದಿರಲಿ, ಇವತ್ತು ನನ್ನಲ್ಲಿರುವ ಒಳ್ಳೆಯದೆಲ್ಲ ಅದಕ್ಕೇ. ಮೊದಲ ಕೆಲವು ವಾರ ಭಯವಾಗುತ್ತಿತ್ತು, ನಾಳೆಗೆ ಏನೂ ಉಳಿಯುವುದಿಲ್ಲವಲ್ಲ ಎಂದು. ಆದರೆ ಸೇದಿದ ಬಾವಿಯ ನೀರಿನ ಹಾಗೆ, ರಾತ್ರಿ ಕಳೆಯುವುದರೊಳಗೆ ಮತ್ತೆ ಊರಿರುತ್ತಿತ್ತು. ಒಂದು ಪುಸ್ತಕದ ಬೆನ್ನುಡಿಗೆಂದು ನೂರು ಪದ ಬರೆಯುವಾಗ ಸಿಕ್ಕ ಒಂದು ಹೋಲಿಕೆಯನ್ನು ಅಲ್ಲೇ ಬಿಟ್ಟುಕೊಟ್ಟೆ. ಅದರ ಜಾಡು ಹಿಡಿದೇ ನನ್ನ ಮುಂದಿನ ಕಥೆ ಬಂತು. ಬಿಟ್ಟುಕೊಡದಿದ್ದರೆ ಆ ಜಾಡು ಕಾಣುತ್ತಲೇ ಇರಲಿಲ್ಲ.

ಕೇಳುವವರು ಇಲ್ಲಿ ತಪ್ಪು ತಿಳಿಯಬಾರದು. ಧಾರಾಳವಾಗಿ ಬರೆಯಿರಿ ಅಂದರೆ ಪುಕ್ಕಟೆ ಬರೆಯಿರಿ ಎಂದು ಅರ್ಥವಲ್ಲ. "ನಿಮ್ಮ ಬರಹಕ್ಕೆ ಪ್ರಚಾರ ಸಿಗುತ್ತದೆ" ಎನ್ನುವವರಿಗೆ ನಾನು ಬರೆದುಕೊಡುವುದಿಲ್ಲ. ದುಡ್ಡಿನ ಮಾತು ಕೆಲಸ ಒಪ್ಪಿಕೊಳ್ಳುವ ಮುಂಚೆ, ಅಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಒಪ್ಪಿ ಕೂತ ಮೇಲೆ ಪುಟದೊಳಗೆ ಚೌಕಾಸಿ ಬೇಡ. ಈ ಎರಡನ್ನು ಬೇರೆ ಬೇರೆ ಕೋಣೆಯಲ್ಲಿ ಇಡಲು ಬಂದದ್ದರಿಂದಲೇ ನಾನು ಉಸಿರಾಡುತ್ತಿದ್ದೇನೆ.

ಇನ್ನೊಂದು ಬದಲಾವಣೆಯೂ ಆಯಿತು, ನಾನು ನಿರೀಕ್ಷಿಸದೇ ಇದ್ದದ್ದು. ಬೇರೆಯವರ ಒಳ್ಳೆಯ ಬರಹ ಓದಿದಾಗ ಮೊದಲು ಎದೆಯಲ್ಲಿ ಏನೋ ಚುಚ್ಚುತ್ತಿತ್ತು, ನನ್ನ ಪಾಲಿನದನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ಅದು ನಿಂತುಹೋಯಿತು. ಓದಿ ಖುಷಿಯಾದರೆ ಅವತ್ತೇ ಅವರಿಗೆ ಬರೆದು ತಿಳಿಸುತ್ತೇನೆ, ಯಾವ ಸಾಲು, ಯಾಕೆ ಎಂದು ಸಹಿತ.

ಹೋದ ವಾರ ಒಬ್ಬ ಹುಡುಗಿ ಬಂದಿದ್ದಳು, ಇದೇ ಪ್ರಶ್ನೆ ಹೊತ್ತು. ಅವಳಿಗೆ ಒಂದು ಕಡೆಯಿಂದ ಬರಬೇಕಾದ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಸಮೃದ್ಧಿಯ ಮಾತೆತ್ತದೆ ಮೊದಲು ಇಬ್ಬರೂ ಕೂತು ಒಂದು ಕಾಗದ ಬರೆದೆವು: ಕೆಲಸ ಒಪ್ಪಿಸಿದ ತಾರೀಖು, ಒಪ್ಪಿದ ಮೊತ್ತ, ಇಂಥ ದಿನದೊಳಗೆ ಕೊಡಬೇಕು ಎಂಬ ಒಂದು ಸಾಲು. "ದಯವಿಟ್ಟು ಕ್ಷಮಿಸಿ" ಎಂದು ಅವಳು ಶುರು ಮಾಡಿದ್ದಳು, ಅದನ್ನು ಹೊಡೆದುಹಾಕಿಸಿದೆ. ಕಳಿಸಿಯಾದ ಮೇಲೆ ಚೀಲದಿಂದ ಮಡಚಿದ ನಾಲ್ಕು ಹಾಳೆ ತೆಗೆದಳು. "ಇದನ್ನು ಒಂದು ಸ್ಪರ್ಧೆಗೆ ಅಂತ ಇಟ್ಟುಕೊಂಡಿದ್ದೀನಿ, ಯಾರಿಗೂ ತೋರಿಸಿಲ್ಲ" ಅಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದೂವರೆ ವರ್ಷ ಅಂದಳು.

ಓದು ಅಂದೆ. ಎರಡನೆಯ ಹಾಳೆಯ ನಡುವೆ ಎಲ್ಲೋ ಅವಳ ದನಿ ಗಟ್ಟಿಯಾಯಿತು. ಓದು ನಿಲ್ಲಿಸಿ, ಪೆನ್ನಿಗೆ ಕೈಚಾಚಿ, ಅಂಚಿನಲ್ಲಿ ಏನೋ ಬರೆಯತೊಡಗಿದಳು. ನಾನು ಸುಮ್ಮನೆ ಕಾಯುತ್ತಾ ಕೂತೆ.