ಅಂತರಗಂಗೆ ಹೀರಿದ ತಾಮ್ರ ಆಮೇಲೆ ಎಲ್ಲಿಗೆ ಹೋಗತ್ತೆ?

ಕೆರೆಗೆ ಅಂತರಗಂಗೆ (ನೀರ ಮೇಲೆ ತೇಲೋ ಕಳೆಗಿಡ) ಬಿಟ್ರೆ ನೀರು ತಾನಾಗೇ ಕ್ಲೀನ್ ಆಗತ್ತೆ, ವಿಷ ಎಲ್ಲ ಹೀರ್ಕೊಳತ್ತೆ ಅಂತ ಒಂದು ವಾಟ್ಸಾಪ್ ಮೆಸೇಜು ಮತ್ತೆ ಓಡಾಡ್ತಾ ಇದೆ. ಅರ್ಧ ನಿಜ. ಇನ್ನರ್ಧ ಗ್ರೂಪಲ್ಲಿ ಟೈಪ್ ಮಾಡೋಕೆ ಉದ್ದ ಆಯ್ತು, ಅದಕ್ಕೇ ಇಲ್ಲಿ.

ನೀರಿಗೆ ಲೋಹ ಸೇರೋಕೆ ಫ್ಯಾಕ್ಟರಿನೇ ಬೇಕು ಅಂತೇನಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೀತೀವಲ್ಲ, ಶೇಕಡಾ 1ರ ಬೋರ್ಡೋ, ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಒಂದು ಕೆಜಿ ಮೈಲುತುತ್ತದಲ್ಲಿ ಹತ್ರಹತ್ರ 250 ಗ್ರಾಂ ತಾಮ್ರ. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ತಿಕ್ಕಿದ ಕಬ್ಬಿಣದ ಕತ್ತೀನ ಡ್ರಮ್ಮಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೀತಾರೆ, ಅಲಗಿನ ಮೇಲೆ ಕೆಂಪಗೆ ಕೂತಿದ್ರೆ ಇನ್ನೂ ಸುಣ್ಣ ಹಾಕು ಅಂತ ಲೆಕ್ಕ, ಆ ಕೆಂಪು ಬೇರೇನಲ್ಲ, ತಾಮ್ರಾನೇ. ಮರ ಹತ್ತೋ ಕೊನೆಗೌಡರು ಹೊಡೆದದ್ದೆಲ್ಲ ಗೊನೆ ಮೇಲೇ ಉಳಿಯಲ್ಲ. ಕೆಳಗೆ ಬಿದ್ದ ತಾಮ್ರ ಹೆಚ್ಚಿನಂಶ ಗೊಬ್ಬರದ ಮಣ್ಣಿಗೇ ಅಂಟ್ಕೊಳತ್ತೆ, ಆ ಮಣ್ಣು ಮಳೆಗೆ ಕೊಚ್ಚಿಹೋದ್ರೆ ಬಸಿಗಾಲುವೆ, ಅಲ್ಲಿಂದ ಹಳ್ಳ, ಅಲ್ಲಿಂದ ಕೆರೆ.

ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್ ಇವೆಲ್ಲ ಗಿಡಕ್ಕೂ ಬೇಕು, ಆದ್ರೆ ಚೂರೇ ಚೂರು. ತೊಂದರೆ ಏನಂದ್ರೆ ಇವನ್ನ ಒಳಗೆ ಬಿಡೋ ದಾರೀಲೇ ಯಾರಿಗೂ ಬೇಡದ ವಿಷಲೋಹ ಕ್ಯಾಡ್ಮಿಯಮ್ಮೂ ನುಗ್ಗತ್ತೆ. ಹೈಡ್ರಿಲ್ಲಾ ಥರ ಪೂರ್ತಿ ಮುಳುಗಿರೋ ಗಿಡಗಳು ಎಲೆಯಿಂದ್ಲೇ ಹೀರ್ತವೆ, ಎಲೆ ಮೇಲೆ ಮೇಣದ ಪದರ ಅಷ್ಟು ತೆಳು. ಅಂತರಗಂಗೆದು ಬೇರಿನ ಕೆಲಸ. ಒಂದು ಗಿಡ ಎತ್ತಿದ್ರೆ ಕಪ್ಪಗೆ, ಉದ್ದಕ್ಕೆ, ಕೂದಲುಕೂದಲಾಗಿ ಜೋತಾಡತ್ತಲ್ಲ, ಲೋಹದ ದೊಡ್ಡ ಪಾಲು ಅಲ್ಲೇ ಬೇರಿನ ಜೀವಕೋಶದ ಗೋಡೆಗೆ ಹತ್ಕೊಂಡಿರತ್ತೆ, ಎಲೆವರೆಗೆ ಹತ್ತೋದು ಕಡಿಮೆ. ಒಳಗೆ ಹೋದದ್ದನ್ನ ಗಿಡ ಸುಮ್ನೆ ಬಿಡಲ್ಲ, ಫೈಟೋಕೆಲೇಟಿನ್ ಅನ್ನೋ ಗಂಧಕ ಇರೋ ಪುಟ್ಟ ಅಣುಗಳು ಕ್ಯಾಡ್ಮಿಯಂ ಹಿಡ್ಕೊಂಡು ಕೋಶದೊಳಗಿನ ನೀರುಚೀಲಕ್ಕೆ ತಳ್ತವೆ, ಬೇಡದ ಸಾಮಾನೆಲ್ಲ ಅಟ್ಟಕ್ಕೆ ಹಾಕಿದ ಹಾಗೆ.

ಖನಿಜ ಕೂಡಿಡೋದು ಗಿಡಗಳಿಗೆ ಹೊಸದೇನಲ್ಲ. ಹಳ್ಳದ ದಡದ ಕೆಸು ಕ್ಯಾಲ್ಸಿಯಂನ ಆಕ್ಸಲೇಟ್ ಮಾಡಿ ಸೂಜಿ ಸೂಜಿ ಹರಳಾಗಿ ಎಲೆಯೊಳಗೇ ಇಟ್ಕೊಂಡಿರತ್ತೆ, ಹುಳಿ ಕಡಿಮೆ ಮಾಡಿ ಪತ್ರೊಡೆ ಮಾಡಿ ತಿಂದವರ ಗಂಟಲಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಗದ್ದೇಲಿ ಭತ್ತದ ಬುಡ ಕಿತ್ತು ಬೇರು ತೊಳೆದು ನೋಡಿ, ಎಷ್ಟು ತೊಳೆದ್ರೂ ತುಕ್ಕಿನ ಬಣ್ಣ ಹೋಗಲ್ಲ. ಕೆಸರಲ್ಲಿ ಆಮ್ಲಜನಕ ಇಲ್ಲ, ಕಬ್ಬಿಣ ಕರಗಿರತ್ತೆ (ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣಕ್ಕೇನು ಬರ), ಭತ್ತ ಕಾಂಡದಿಂದ ಬೇರಿಗೆ ಗಾಳಿ ಇಳಿಸತ್ತೆ, ಅದು ಬೇರಿಂದ ಸೋರಿದ ಕಡೆ ಕಬ್ಬಿಣ ತುಕ್ಕಾಗಿ ಕೂರತ್ತೆ. ಆ ತುಕ್ಕಿನ ಪದರ ಆರ್ಸೆನಿಕ್ಕು, ರಂಜಕ ಎರಡನ್ನೂ ಹಿಡೀತದೆ. ನನಗಂತೂ ಅಂತರಗಂಗೆಗಿಂತ ಇದೇ ದೊಡ್ಡ ಸೋಜಿಗ.

ಈಗ ಮೆಸೇಜಲ್ಲಿ ಇಲ್ಲದ ಅರ್ಧ. ಲೋಹ ಕೊಳೆಯಲ್ಲ, ಗಿಡ ಕೊಳೆಯತ್ತೆ. ಅಂತರಗಂಗೆ ಅಲ್ಲೇ ಸತ್ರೆ ಹೀರಿದ್ದೆಲ್ಲ ವಾಪಸ್ ಕೆರೆಗೇ, ಹಾಗಾಗಿ ಎತ್ತಿ ಹೊರಗೆ ಹಾಕಿದ್ರೆ ಮಾತ್ರ ಲಾಭ. ಹಾಕೋದೆಲ್ಲಿ? ಅದರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರೇ, ಒಣಗಿದ್ರೆ ಒಂದು ಟ್ರಾಲಿ ಸೊಪ್ಪು ಒಂದು ಸಣ್ಣ ಗುಡ್ಡೆ, ಲೋಹ ಮಾತ್ರ ಅಷ್ಟೂ ಅದರಲ್ಲೇ. ಗುಡ್ಡದ ಮೇಲಿನ ಒಳ್ಳೆ ಕೆರೇದಾದ್ರೆ ನಾನು ಗೊಬ್ಬರ ಮಾಡಿ ತೋಟಕ್ಕೆ ಹಾಕ್ತೀನಿ. ಪೇಟೆ ಚರಂಡಿ ಸೇರೋ ಕೆರೇದಾದ್ರೆ ತರಕಾರಿಗೂ ಬೇಡ, ದನಕ್ಕಂತೂ ಬೇಡವೇ ಬೇಡ.

ದನದ ಮೇವಿಗೆ ಅಂತ ಬೆಳೆಸೋ ಪುಟ್ಟ ತೇಲುಗಿಡ ಅಜೋಲ್ಲಾಗೂ ಇದೇ ಮಾತು, ಅದೂ ಲೋಹ ಹೀರೋದ್ರಲ್ಲಿ ಹಿಂದೆ ಬಿದ್ದಿಲ್ಲ, ಮತ್ತೆ ಅದು ಹೋಗೋದು ಸೀದಾ ಹಸು ಹೊಟ್ಟೆಗೆ. ಚಿಕ್ಕಪ್ಪ ಕೊಟ್ಟಿಗೆ ಹಿಂದೆ ಶೀಟ್ ಹಾಸಿ ಅಜೋಲ್ಲಾ ಗುಂಡಿ ಮಾಡಿದಾರೆ, ನೀರು ತೋಟದ ಬಸಿಗಾಲುವೇದು, ಹತ್ರ ಇದೆ ಅಂತ. "ಬಾವಿ ನೀರು ಬಿಡಿ ಚಿಕ್ಕಪ್ಪ" ಅಂದೆ. "ಅಲ್ಲಿವರೆಗೆ ಪೈಪ್ ಯಾರು ಎಳೀತಾರೆ ಮಾರಾಯ, ನೀ ಬರ್ತೀಯನಾ?" ಅಂದ್ರು. ಭಾನುವಾರ ಹೋಗ್ಬೇಕು.