ಕಾಲುನೋವಿಗೆ ಡಯೋಸ್ಮಿನ್ ಮಾತ್ರೆ: ಎಷ್ಟು ನಂಬಬಹುದು?

ಸಂಜೆ ಆದ್ರೆ ಕಾಲು ಭಾರ, ಪಾದ ಊತ ಅನ್ನೋರಿಗೆಲ್ಲ ಈಗ ಡಯೋಸ್ಮಿನ್-ಹೆಸ್ಪೆರಿಡಿನ್ ಮಾತ್ರೆ ಗೊತ್ತು. ಹೆಸ್ಪೆರಿಡಿನ್ ಕಿತ್ತಳೆ ಜಾತಿ ಹಣ್ಣಿನ ಸಿಪ್ಪೆಯಲ್ಲಿರೋ ಫ್ಲೇವನಾಯ್ಡ್ (ಗಿಡಗಳಲ್ಲಿ ಸಿಗೋ ಒಂದು ಬಗೆ ರಾಸಾಯನಿಕ), ಡಯೋಸ್ಮಿನ್‌ನ ಹೆಚ್ಚಾಗಿ ಅದರಿಂದಾನೇ ತಯಾರು ಮಾಡ್ತಾರೆ, 500 ಮಿ.ಗ್ರಾಂ ಮಾತ್ರೆಯಲ್ಲಿ ಸಾಮಾನ್ಯವಾಗಿ 450 ಡಯೋಸ್ಮಿನ್, 50 ಹೆಸ್ಪೆರಿಡಿನ್ ಇರುತ್ತೆ.

ಇದು ಮಾಡೋದೇನಂದ್ರೆ, ರಕ್ತನಾಳದ ಗೋಡೆ ಮೇಲೆ ನಾರ್‌ಅಡ್ರಿನಲಿನ್ (ನಾಳ ಬಿಗಿ ಮಾಡೋ, ದೇಹದಲ್ಲೇ ಇರೋ ರಾಸಾಯನಿಕ) ಪ್ರಭಾವ ಜಾಸ್ತಿ ಹೊತ್ತು ಇರೋ ಹಾಗೆ ಮಾಡಿ ಸಡಿಲ ಆದ ನಾಳಕ್ಕೆ ಸ್ವಲ್ಪ ಬಿಗಿ ಕೊಡುತ್ತೆ, ಸಣ್ಣ ನಾಳಗಳಿಂದ ನೀರು ಸೋರೋದೂ ಉರಿಯೂತಾನೂ ಕಮ್ಮಿ ಆಗುತ್ತೆ, ಹಾಗಾಗಿ ಊತ, ಭಾರ, ಸೆಳೆತ ಎಷ್ಟೋ ಜನಕ್ಕೆ ಇಳಿಯುತ್ತೆ. ಆದ್ರೆ ಒಂದೆರಡು ದಿನದಲ್ಲಿ ಅಲ್ಲ, ವಾರಗಟ್ಟಲೆ ತಗೋಬೇಕು. ಉಬ್ಬಿರೋ ವೆರಿಕೋಸ್ ವೇನ್ ಮಾತ್ರ ಮಾಯ ಆಗಲ್ಲ, ರಕ್ತ ಕೆಳಗೆ ವಾಪಸ್ ಬರದ ಹಾಗೆ ತಡೆಯೋ ನಾಳದೊಳಗಿನ ವಾಲ್ವ್ ಕೆಟ್ಟಿದ್ರೆ ಅದು ರಿಪೇರಿ ಆಗಲ್ಲ, ಜಾಹೀರಾತಲ್ಲಿ ಏನೇ ಹೇಳ್ಲಿ.

ನನ್ನ ಪ್ರಕಾರ ನಡಿಗೆ ಮತ್ತೆ ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನ ಬಿಗಿಯಾಗಿ ಒತ್ತಿ ಹಿಡಿಯೋ ಉದ್ದ ಕಾಲುಚೀಲ) ಮೊದಲು, ಮಾತ್ರೆ ಆಮೇಲೆ, ಯಾಕಂದ್ರೆ ರಕ್ತ ಮೇಲಕ್ಕೆ ತಳ್ಳೋದು ಮೀನಖಂಡಾನೇ. ಗರ್ಭಿಣಿಯರು, ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರು ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ.

ಒಂದೇ ಕಾಲು ಇದ್ದಕ್ಕಿದ್ದಂಗೆ ಊದಿ ಬಿಸಿಯಾಗಿ ನೋಯ್ತಿದ್ರೆ ಮಾತ್ರೆ ಹುಡುಕ್ತಾ ಕೂರ್ಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.