ರೆಫ್ರಿಗೆ ತೋರಿಸ್ಲಿಕ್ಕೆ ಕಾರ್ಡ್ ಇಲ್ಲ, ಹಾಗಾದ್ರೆ ಎಂತ ಮಾಡೋದು?

ಕೊಯ್ಲು ಆದ ಗದ್ದೆಯಲ್ಲಿ ಲೈಟ್ ಕಟ್ಟಿ ಸೆವೆನ್ಸ್, ಅಂದ್ರೆ ಒಂದು ಟೀಮಿಗೆ ಏಳೇ ಜನರ ಫುಟ್ಬಾಲ್, ಶುರುವಾದ್ರೆ ನಮ್ಮ ಕಡೆ, ಅಂದ್ರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಕುಂಬಳೆ ಮೊಗ್ರಾಲ್ ತನಕ, ಗಂಡಸ್ರು ಯಾರೂ ರಾತ್ರಿ ಬೇಗ ಮನೆಗೆ ಹೋಗೋದಿಲ್ಲ. ನಾನು ಆಡೋದು ಬಿಟ್ಟು ಸುಮಾರು ವರ್ಷ ಆಯ್ತು, ಮೊಣಗಂಟು ಹಾಳಾಗಿದೆ, ಈಗ ಊರಿನ ಹುಡುಗರ ಟೀಮಿಗೆ ಮೇನೇಜರ್ ಅಂತ ಹೆಸರು ಮಾತ್ರ, ಕೆಲಸ ಎಂತ ಅಂದ್ರೆ ಜೀಪಿನ ಬಾಡಿಗೆ ಕೊಡೋದು, ಜರ್ಸಿ ಒಗೆಸೋದು, ಹಗ್ಗದ ಹೊರಗೆ ನಿಂತು ಬೊಬ್ಬೆ ಹಾಕೋದು. ಬೊಬ್ಬೆಯಲ್ಲಿ ನನ್ನನ್ನು ಮೀರಿಸುವವರು ಇಲ್ಲ ಅಂತ ಹೆಂಡತಿಯೂ ಒಪ್ತಾಳೆ.

ಹೋದ ಸೀಸನಿನ ಕತೆ ಇದು. ನಮ್ಮ ಗೋಲಿ, ಅಂದ್ರೆ ಗೋಲ್ ಕೀಪರ್, ಹದಿನೇಳರ ಹುಡುಗ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮಲಯಾಳ ಅರ್ಥ ಆಗ್ತದೆ ಆದ್ರೆ ಬಾಯಿಗೆ ಬರುವಾಗ ತಡವರಿಸ್ತದೆ. ಬಾಲ್ ಅವರ ಪ್ಲೇಯರಿನ ಕಾಲಿಗೆ ತಾಗಿ ಹೊರಗೆ ಹೋದದ್ದು, ಕಾರ್ನರ್ ಅಲ್ಲ ಅಂತ ಅವನು ರೆಫ್ರಿ ಹತ್ರ ತನಗೆ ಬಂದ ಮಲಯಾಳದಲ್ಲಿ ಮೆಲ್ಲ ಹೇಳಿದ. ಆ ಮನುಷ್ಯ ಎಂತ ಮಾಡಿದ್ರು ಗೊತ್ತುಂಟಾ, ಹುಡುಗ ಹೇಳಿದ್ದನ್ನು ಹಾಗೇ ಅಣಕಿಸಿ ತೋರಿಸಿದ್ರು, ಜನ ಎಲ್ಲ ನಗುವ ಹಾಗೆ, ಮತ್ತೆ ಹೇಳಿದ್ರು, ಮೊದಲು ಮಾತಾಡ್ಲಿಕ್ಕೆ ಕಲಿ, ಇಲ್ಲದಿದ್ರೆ ಮಂಗ್ಳೂರಿಗೆ ಹೋಗಿ ಆಡು ಅಂತ. ಮಂಗ್ಳೂರಿಗೆ ಹೋದ್ರೆ ಅಲ್ಲಿಯವರು ನೀವು ಕೇರಳದವ್ರಲ್ವಾ ಅಂತ ಕೇಳ್ತಾರೆ, ಅದು ಬೇರೆ ವಿಷ್ಯ. ಹುಡುಗನ ಮುಖ ಸಣ್ಣ ಆಯ್ತು. ಎರಡು ನಿಮಿಷದಲ್ಲಿ ಕೈಗೆ ಬಂದ ಬಾಲ್ ಬಿಟ್ಟ, ಗೋಲ್.

ನನ್ನ ಮಂಡೆ ಬಿಸಿ ಆಗಿ ಒಳಗೆ ಓಡಿದೆ. ಅದೇ ನಾನು ಮಾಡಿದ ಮೊದಲ ತಪ್ಪು. ರೂಲಲ್ಲಿ 2019ರಿಂದ ಕೋಚ್ ಮೇನೇಜರಿಗೂ ಹಳದಿ ಕೆಂಪು ಕಾರ್ಡ್ ತೋರಿಸ್ಬಹುದು, ಅದು ನನಗೆ ಗೊತ್ತಿತ್ತು, ಆದ್ರೆ ಗೊತ್ತಿದ್ದದ್ದು ಓಡುವಾಗ ನೆನಪಿಗೆ ಬರ್ಬೇಕಲ್ಲ. ಕೆಂಪು ತೋರಿಸಿ ಹೊರಗೆ ಹಾಕಿದ್ರು, ಆಚೆ ಗೂಡಂಗಡಿ ಹತ್ರ ನಿಂತು ಉಳಿದ ಮ್ಯಾಚ್ ನೋಡಿದೆ. ನನ್ನ ಬೊಬ್ಬೆಯಿಂದ ಹುಡುಗನಿಗೆ ಒಂದು ಪೈಸೆಯ ಉಪಕಾರ ಆಗ್ಲಿಲ್ಲ, ಬದಲಿಗೆ ಜನರೆಲ್ಲ ರೆಫ್ರಿಯ ಮಾತು ಮರೆತು ನನ್ನ ಗಲಾಟೆಯನ್ನೇ ಮಾತಾಡ್ಲಿಕ್ಕೆ ಶುರು ಮಾಡಿದ್ರು.

ಅಲ್ಲಿ ಚಾ ಕುಡೀತಾ ನಿಂತಾಗ ನೆನಪಾದದ್ದು 2023 ಮಾರ್ಚ್ 3ರ ಮ್ಯಾಚ್. ಬೆಂಗ್ಳೂರಿನ ಕಂಠೀರವ ಸ್ಟೇಡಿಯಮಲ್ಲಿ ಬೆಂಗ್ಳೂರು ಎಫ್‌ಸಿ ಮತ್ತೆ ಕೇರಳ ಬ್ಲಾಸ್ಟರ್ಸ್ ನಡುವೆ ದೇಶದ ದೊಡ್ಡ ಫುಟ್ಬಾಲ್ ಲೀಗ್ ಐಎಸ್‌ಎಲ್ ಪ್ಲೇಆಫ್, ಎಕ್ಸ್‌ಟ್ರಾ ಟೈಮಲ್ಲಿ ಬೆಂಗ್ಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಬೇಗ ಹೊಡೆದು ಗೋಲ್ ಮಾಡಿದ್ದು, ಬ್ಲಾಸ್ಟರ್ಸಿನವರು ಬಾಲ್ ತಡೀಲಿಕ್ಕೆ ಸಾಲಾಗಿ ನಿಂತು ಗೋಡೆ ಕಟ್ಟಿ ಆಗಿರಲಿಲ್ಲ, ರೆಫ್ರಿ ಗೋಲ್ ಕೊಟ್ರು, ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ಇಡೀ ಟೀಮನ್ನು ಮೈದಾನ ಬಿಡಿಸಿ ಕರ್ಕೊಂಡು ಹೋದದ್ದು. ನಮ್ಮ ಕ್ಲಬ್ ರೂಮಲ್ಲಿ ಆವತ್ತು ಪೆಟ್ಟು ಆಗ್ಲಿಕ್ಕೆ ಬಾಕಿ, ಅರ್ಧ ಜನ ಬೆಂಗ್ಳೂರು, ಅರ್ಧ ಜನ ಬ್ಲಾಸ್ಟರ್ಸ್, ಗಡಿಯಲ್ಲಿ ಇರುವವರ ಗ್ರಾಚಾರ. ಕಡೆಗೆ ಎಂತ ಆಯ್ತು, ಬ್ಲಾಸ್ಟರ್ಸಿಗೆ 4 ಕೋಟಿ ದಂಡ, ಕೋಚಿಗೆ 10 ಮ್ಯಾಚ್ ಬ್ಯಾನ್.

ಆದ್ರೆ 2020 ಡಿಸೆಂಬರ್ 8ಕ್ಕೆ ಪ್ಯಾರಿಸಲ್ಲಿ ಚಾಂಪಿಯನ್ಸ್ ಲೀಗ್ ಮ್ಯಾಚ್ ಉಂಟಲ್ಲ, ಪಿಎಸ್‌ಜಿ ಮತ್ತೆ ಟರ್ಕಿಯ ಬಸಕ್ಷೆಹಿರ್, ಅದರಲ್ಲೂ ಮೈದಾನ ಬಿಟ್ಟು ಹೋದ್ರು, ಒಂದು ಟೀಮಲ್ಲ, ಎರಡೂ. ಫೋರ್ತ್ ಅಫಿಶಿಯಲ್, ಅಂದ್ರೆ ಗೆರೆಯ ಹೊರಗೆ ನಿಂತು ರೆಫ್ರಿಗೆ ಸಹಾಯ ಮಾಡುವವರು, ಟರ್ಕಿಯವರ ಅಸಿಸ್ಟೆಂಟ್ ಕೋಚ್ ವೆಬೊ ಅವರನ್ನು ಗುರುತು ಹೇಳುವಾಗ ಹೆಸರು ಬಿಟ್ಟು ಮೈಬಣ್ಣ ಹಿಡಿದು ಹೇಳಿದ್ದು ಕಾರಣ. ಮರುದಿನ ಬೇರೆ ರೆಫ್ರಿಗಳನ್ನು ಹಾಕಿ ಮ್ಯಾಚ್ ಮುಂದುವರಿಸಿದ್ರು, ಆ ಅಫಿಶಿಯಲನ್ನು ಸೀಸನ್ ಮುಗಿಯುವ ತನಕ ಸಸ್ಪೆಂಡ್ ಮಾಡಿದ್ರು.

ಎರಡಕ್ಕೂ ವ್ಯತ್ಯಾಸ ಇಷ್ಟೇ ಅಂತ ನನಗೆ ಕಾಣೋದು: ಒಂದ್ರಲ್ಲಿ ತಕರಾರು ರೆಫ್ರಿಯ ತೀರ್ಪಿನ ಮೇಲೆ, ಇನ್ನೊಂದ್ರಲ್ಲಿ ನಾಲಗೆಯ ಮೇಲೆ. ತೀರ್ಪಿಗೆ ಫುಟ್ಬಾಲಿನ ಐದನೇ ರೂಲ್ ಉಂಟು, ಗೋಲ್ ಹೌದೋ ಅಲ್ವೋ ಅನ್ನೋದ್ರಲ್ಲಿ ರೆಫ್ರಿ ಹೇಳಿದ್ದೇ ಫೈನಲ್, ಆಟ ಪುನಃ ಶುರುವಾದ ಮೇಲೆ ಅದನ್ನು ಅವರೇ ಬದಲಾಯಿಸುವ ಹಾಗಿಲ್ಲ. ಕಾರ್ನರ್ ತಪ್ಪು ಕೊಟ್ರಾ, ಆಯ್ತು, ನಾವೂ ಹತ್ತು ಪಾಸ್ ತಪ್ಪು ಕೊಟ್ಟಿದ್ದೇವೆ. ಆದ್ರೆ ಹುಡುಗನ ಭಾಷೆ ಅಣಕಿಸೋದು ತೀರ್ಪಲ್ಲ. ಆಟಗಾರ ಹಾಗೆ ಬೈದ್ರೆ ಕೆಂಪು ಕಾರ್ಡ್, ರೆಫ್ರಿ ಬೈದ್ರೆ ತೋರಿಸ್ಲಿಕ್ಕೆ ಮೈದಾನದಲ್ಲಿ ಯಾರ ಕೈಯಲ್ಲೂ ಕಾರ್ಡ್ ಇಲ್ಲ, ಆದ್ದರಿಂದ ಅದನ್ನು ಮೈದಾನದ ಹೊರಗೇ ಹಿಡೀಬೇಕು.

ಆವತ್ತು ನಮ್ಮ ಮಾನ ಉಳಿಸಿದ್ದು ಕ್ಯಾಪ್ಟನ್, ಪೈಂಟಿಂಗ್ ಕೆಲಸದ ಹುಡುಗ, ಮಾತು ಕಮ್ಮಿ. ನಾನು ಹೊರಗೆ ಹೋದ ಮೇಲೆ ಉಳಿದವರನ್ನೆಲ್ಲ ಹಿಂದೆ ನಿಲ್ಲಿಸಿ ಅವನೊಬ್ಬನೇ ಹೋಗಿ ರೆಫ್ರಿ ಹತ್ರ, ಸಾರ್ ನೀವು ಹೇಳಿದ ಮಾತು ನಾವು ಬರೆದು ಕೊಡ್ತೇವೆ ಅಂತ ಹೇಳಿ ವಾಪಸ್ ಬಂದ. ರೂಲ್ ಪ್ರಕಾರ ಕ್ಯಾಪ್ಟನಿಗೆ ಸ್ಪೆಷಲ್ ಅಧಿಕಾರ ಎಂತದೂ ಇಲ್ಲ, ಟೀಮಿನ ನಡತೆಗೆ ಸ್ವಲ್ಪ ಜವಾಬ್ದಾರಿ ಮಾತ್ರ, ಆದ್ರೆ 2024ರ ಯೂರೋ ಕಪ್ಪಲ್ಲಿ ಕ್ಯಾಪ್ಟನ್ ಒಬ್ಬನೇ ರೆಫ್ರಿ ಹತ್ರ ಹೋಗ್ಬೇಕು, ಬಾಕಿಯವರು ಹೋದ್ರೆ ಹಳದಿ ಅಂತ ಮಾಡಿದ್ರಲ್ಲ, ಅದು ಟೀವಿಯಲ್ಲಿ ನೋಡಿ ಇವನು ಕಲ್ತದ್ದು. ಏಳು ಜನ ಸುತ್ತ ನಿಂತ್ರೆ ರೆಫ್ರಿಗೆ ಹೆದರಿಕೆಯಾಗ್ತದೆ, ಹೆದರಿದವನು ಇನ್ನೂ ಜೋರಾಗ್ತಾನೆ.

ರಾತ್ರಿಯೇ ಕೂತು ಬರೆದೆವು. ಎಷ್ಟನೇ ನಿಮಿಷ, ಯಾವ ಮಾತು, ಹತ್ರ ಯಾರಿದ್ರು, ಅಷ್ಟೇ. ನಾನು ಮೊದಲು ಬರೆದದ್ರಲ್ಲಿ ಕಾರ್ನರ್, ಹ್ಯಾಂಡ್‌ಬಾಲ್, ಹಾಫ್‌ಟೈಮಲ್ಲಿ ರೆಫ್ರಿ ಫೋನಲ್ಲಿ ಇದ್ದದ್ದು ಎಲ್ಲ ಇತ್ತು, ಕ್ಯಾಪ್ಟನ್ ಅದೆಲ್ಲ ಹೊಡೆದು ಹಾಕಿ, ಅಣ್ಣ ಸೋತದ್ದಕ್ಕೆ ಬರೆದ ಹಾಗೆ ಕಾಣ್ತದೆ ಅಂದ. ಮತ್ತೆ ಕೊನೆಗೆ ನಾನು ಒಳಗೆ ಓಡಿದ್ದು ತಪ್ಪು ಅಂತಲೂ ಬರೆಸಿದ, ಅದು ಬರೀಲಿಕ್ಕೆ ಮಾತ್ರ ನನಗೆ ಭಾರೀ ಕಷ್ಟ ಆಯ್ತು ಮಾರಾಯ್ರೆ. ಕನ್ನಡದಲ್ಲಿ ಬರೆದು ಅಡಿಯಲ್ಲಿ ಮಲಯಾಳ, ಅದಕ್ಕೆ ಆಚೆಮನೆಯ ಟೀಚರ ಸಹಾಯ.

ಬರೆದದ್ದನ್ನು ಟೂರ್ನಮೆಂಟ್ ಕಮಿಟಿಗೆ ಕೊಟ್ಟೆವು, ಅವರಿಗೆ ಅರ್ಥವೇ ಆಗ್ಲಿಲ್ಲ. ಪ್ರೊಟೆಸ್ಟ್ ಫೀಸ್ ಎಲ್ಲಿ ಅಂತ ಕೇಳಿದ್ರು. ರಿಸಲ್ಟ್ ಬೇಡ, ಮ್ಯಾಚ್ ನಾವು ಸೋತದ್ದೇ ಅಂದೆ. ಹಾಗಾದ್ರೆ ಕಂಪ್ಲೇಂಟ್ ಎಂತಕ್ಕೆ? ಹುಡುಗನನ್ನು ಎದುರು ನಿಲ್ಲಿಸಿದೆವು. ಅವನು ಹೇಳುವಾಗ ಕಮಿಟಿಯ ಸೆಕ್ರೆಟರಿ, ನಾವು ಇಚ್ಚ ಅಂತ ಕರೆಯುವವರು, ಕಣ್ಣು ಕೆಳಗೆ ಹಾಕಿದ್ರು, ಅವರ ಮಗನೂ ಅದೇ ವಯಸ್ಸಿನವನು. ಆ ಟೂರ್ನಮೆಂಟಿನ ಉಳಿದ ಮ್ಯಾಚಿಗೆ ರೆಫ್ರಿಯನ್ನು ಬದಲಾಯಿಸಿದ್ರು. ಸಾರಿ ಅಂತ ಯಾರೂ ಹೇಳ್ಲಿಲ್ಲ, ನನಗೆ ಮುಂದಿನ ಎರಡು ಮ್ಯಾಚಿಗೆ ಹಗ್ಗದ ಹತ್ರ ಬರ್ಬಾರ್ದು ಅಂತ ಆರ್ಡರ್ ಬೇರೆ.

ಈ ವರ್ಷ ಬೇರೆ ಗದ್ದೆಯಲ್ಲಿ ಅದೇ ರೆಫ್ರಿ ಸಿಕ್ಕಿದ್ರು. ನಮ್ಮ ವಿರುದ್ಧ ಒಂದು ಪೆನಾಲ್ಟಿ ಕೊಟ್ರು, ಅದು ಪೆನಾಲ್ಟಿಯೇ, ನಾನೇ ಕಣ್ಣಾರೆ ನೋಡಿದ್ದು. ಗೋಲಿ ಒಂದು ಹೆಜ್ಜೆ ಮುಂದೆ ಬಂದಿದ್ದ. ರೆಫ್ರಿ ಅವನ ಹತ್ರ ಹೋಗಿ ಬಾಯಿ ಬಿಡದೆ ಬೆರಳಲ್ಲಿ ಗೆರೆ ತೋರಿಸಿದ್ರು, ಇವನು ತಲೆ ಆಡಿಸಿ ಹಿಂದೆ ಹೋದ. ಬಾಲ್ ಬಲಕ್ಕೆ, ಇವನು ಎಡಕ್ಕೆ. ಒಂದು ಸೊನ್ನೆ ಸೋತೆವು, ಜೀಪಲ್ಲಿ ಬರುವಾಗ ದಾರಿ ಇಡೀ ಬೈಗುಳ ಸ್ಟ್ರೈಕರಿಗೆ.